ಬೆರಳೋ ಮುಖವೋ? ಕೆಲಸದ ಕೈಗಳಿಗೆ ಫೋನ್ ಲಾಕ್ ಹೊಂದಿಸುವ ಬಗೆ

ಇಳಕಲ್‌ನಲ್ಲಿ ಸೀರೆ ನೇಯುವವರ ಬೆರಳು ಹತ್ತಿರದಿಂದ ನೋಡಿದ್ದೀರಾ? ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಆ ಕೆಲಸವೆಲ್ಲ ಹೆಬ್ಬೆರಳು ಮತ್ತು ತೋರುಬೆರಳಿನದು. ವರ್ಷಗಟ್ಟಲೆ ದಾರ ತಿಕ್ಕಿ ತಿಕ್ಕಿ ಅವುಗಳ ತುದಿ ನುಣ್ಣಗಾಗಿರುತ್ತದೆ. ಹೊಸ ಫೋನ್ ತಗೊಂಡ ದಿನ ಅಂಗಡಿಯ ಹುಡುಗ "ಬೆರಳು ಇಡ್ರಿ" ಅಂದಾಗ ಮುಂದೆ ಬರುವುದೂ ಅದೇ ಹೆಬ್ಬೆರಳು. ಎರಡು ದಿನ ಕೆಲಸ ಮಾಡುತ್ತದೆ, ಮೂರನೇ ದಿನ ಹಟ ಹಿಡಿಯುತ್ತದೆ. "ನಂದು ಫಿಂಗರ್ ಹತ್ತಂಗಿಲ್ರಿ" ಅಂತ ಫೇಸ್ ಲಾಕ್ ಹಾಕಿಸಿಕೊಂಡು ಸುಮ್ಮನಾಗಿಬಿಡುತ್ತಾರೆ.

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಇಂಥ ಕೈಗಳಿಗೆ ಬರವಿಲ್ಲ. ರಬಕವಿ-ಬನಹಟ್ಟಿಯ ಮಗ್ಗದವರು, ಗುಳೇದಗುಡ್ಡದ ಖಣದವರು, ಇಳಕಲ್ಲಿನ ಗ್ರಾನೈಟ್ ಕೆಲಸದವರು, ಮುಧೋಳದ ಕಡೆ ಕಬ್ಬು ಕಡಿಯುವವರು, ಸಿಮೆಂಟ್ ಕಲಸುವ ಗೌಂಡಿಗಳು. ದಿನಾ ರೊಟ್ಟಿ ಬಡಿಯುವ ಕೈಗಳನ್ನೂ ಇದಕ್ಕೆ ಸೇರಿಸಿ. ಇವರಿಗೆಲ್ಲ ನಾನು ಹೇಳುವುದು ಒಂದೇ. ಹತ್ತಿಪ್ಪತ್ತು ಸಾವಿರದ ಆಂಡ್ರಾಯ್ಡ್ ಫೋನ್ ಆಗಿದ್ದರೆ ಬೆರಳನ್ನು ಅಷ್ಟು ಬೇಗ ಬಿಡಬೇಡಿ. ಸರಿಯಾದ ಬೆರಳನ್ನು ಸರಿಯಾದ ರೀತಿಯಲ್ಲಿ ಕೊಟ್ಟರೆ ಬಹಳಷ್ಟು ಸಲ ಹತ್ತುತ್ತದೆ. ಆ ಬೆಲೆಯ ಫೋನ್‌ಗಳಲ್ಲಿ ಬರುವ ಫೇಸ್ ಲಾಕ್ ಇದೆಯಲ್ಲ, ಅದು ಬಾಗಿಲಿಗೆ ಚಿಲಕ ಹಾಕಿದಂತೆ, ಬೀಗ ಅಲ್ಲ.

ಈಗ ಫೋನ್ ಕೈಗೆ ತಗೊಳ್ಳಿ, ಒಂದೊಂದಾಗಿ ಮಾಡೋಣ.

1. ನಿಮ್ಮ ಫೋನ್‌ನಲ್ಲಿ ಏನಿದೆ ನೋಡಿ

ಬೆರಳು ಇಡುವ ಜಾಗ ಎಲ್ಲಿದೆ? ಪವರ್ ಬಟನ್ ಮೇಲೆ ಅಥವಾ ಹಿಂಬದಿಯಲ್ಲಿ ಇದ್ದರೆ ಅದು ಕೆಪ್ಯಾಸಿಟಿವ್ ಸೆನ್ಸರ್. ಚರ್ಮದ ಉಬ್ಬು-ತಗ್ಗುಗಳನ್ನು ವಿದ್ಯುತ್ತಿನ ಸಣ್ಣ ವ್ಯತ್ಯಾಸದಿಂದ ಗುರುತಿಸುತ್ತದೆ. ಅಗ್ಗದ ಫೋನ್‌ಗಳಲ್ಲಿ ಜಾಸ್ತಿ ಇರುವುದು ಇದೇ. ಸ್ಕ್ರೀನ್ ಒಳಗಿದ್ದು, ಬೆರಳಿಟ್ಟಾಗ ಫಕ್ಕನೆ ಬೆಳಕು ಬಂದರೆ ಅದು ಆಪ್ಟಿಕಲ್. ಬೆಳಕು ಬಿಟ್ಟು ಬೆರಳಿನ ಫೋಟೋ ತೆಗೆಯುತ್ತದೆ. ಹೆಚ್ಚು ಬೆಲೆಯ ಕೆಲವು ಫೋನ್‌ಗಳಲ್ಲಿ ಸ್ಕ್ರೀನ್ ಕೆಳಗೆ ಅಲ್ಟ್ರಾಸೋನಿಕ್ ಸೆನ್ಸರ್ ಇರುತ್ತದೆ. ಅದು ಶಬ್ದದ ಅಲೆ ಬಿಟ್ಟು ಗೆರೆಗಳ ಆಳ ಅಳೆಯುತ್ತದೆ. ಬೆರಳು ಸ್ವಲ್ಪ ಒದ್ದೆಯಾಗಿದ್ದರೂ ಅದಕ್ಕೆ ಅಷ್ಟು ತೊಂದರೆ ಇಲ್ಲ.

ಸವೆದ ಬೆರಳಿನವರು ಹೊಸ ಫೋನ್ ನೋಡುತ್ತಿದ್ದರೆ ಪಕ್ಕದ ಬಟನ್‌ನಲ್ಲಿ ಸೆನ್ಸರ್ ಇರುವುದನ್ನೇ ಆರಿಸಿ. ಸ್ಕ್ರೀನ್ ಒಳಗಿನ ಸೆನ್ಸರ್ ನೋಡಲು ಚೆಂದ, ಆದರೆ ಒಣ ಬೆರಳು ಅಂದರೆ ಆಪ್ಟಿಕಲ್‌ಗೆ ಆಗಿಬರುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಹೊಲದ ನಡುವೆ ನಿಂತರೆ ಅದರ ಕಣ್ಣಿಗೂ ನಮ್ಮ ಹಾಗೇ ಕಷ್ಟ.

ಇನ್ನು ಮುಖ. ಇಲ್ಲಿ ಎರಡು ಜಾತಿ ಇವೆ, ಎರಡಕ್ಕೂ ಅಜಗಜಾಂತರ. ಆಪಲ್ 2017ರಲ್ಲಿ ಐಫೋನ್ 10ರ ಜೊತೆ ತಂದ ಫೇಸ್ ಐಡಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ 30,000ಕ್ಕೂ ಹೆಚ್ಚು ಚುಕ್ಕಿಗಳನ್ನು ಮುಖದ ಮೇಲೆ ಬಿಟ್ಟು ಮೂಗೆಷ್ಟು ಉದ್ದ, ಕಣ್ಣೆಷ್ಟು ಆಳ ಅಂತ ಲೆಕ್ಕ ಹಾಕುತ್ತದೆ. ಕತ್ತಲಲ್ಲೂ ನಡೆಯುತ್ತದೆ, ಫೋಟೋ ತೋರಿಸಿದರೆ ಮೋಸ ಹೋಗುವುದಿಲ್ಲ. ಬೇರೆ ಯಾರೋ ದಾರಿಹೋಕರು ನಿಮ್ಮ ಐಫೋನ್ ನೋಡಿ ತೆರೆಯುವ ಸಾಧ್ಯತೆ 10 ಲಕ್ಷಕ್ಕೆ ಒಂದಕ್ಕಿಂತ ಕಡಿಮೆ, ಬೆರಳಿನ ಟಚ್ ಐಡಿಯಲ್ಲಿ 50,000ಕ್ಕೆ ಒಂದು ಅಂತ ಆಪಲ್ ಹೇಳುತ್ತದೆ. ಅವಳಿಗಳು, ನಿಮ್ಮಂತೆಯೇ ಕಾಣುವ ಅಣ್ಣ-ತಮ್ಮಂದಿರು, 13 ವರ್ಷದೊಳಗಿನ ಮಕ್ಕಳು ಈ ಲೆಕ್ಕಕ್ಕೆ ಬರುವುದಿಲ್ಲ ಅಂತಲೂ ಆ ಕಂಪನಿಯೇ ಹೇಳಿದೆ.

ಎರಡನೇ ಜಾತಿ ಅಂದರೆ ಬಹುತೇಕ ಆಂಡ್ರಾಯ್ಡ್ ಫೋನ್‌ಗಳದ್ದು. ಅಲ್ಲಿ ವಿಶೇಷ ಉಪಕರಣ ಏನೂ ಇಲ್ಲ, ಸೆಲ್ಫಿ ಕ್ಯಾಮೆರಾನೇ ಎಲ್ಲ. ಚಪ್ಪಟೆ ಫೋಟೋ ತೆಗೆದು ಹೋಲಿಸುತ್ತದೆ. ಅದಕ್ಕೇ ಕೆಲವು ಫೋನ್‌ಗಳು ಮುಖ ಸೇರಿಸುವಾಗಲೇ "ನಿಮ್ಮಂತೆ ಕಾಣುವವರು ಅಥವಾ ನಿಮ್ಮ ಫೋಟೋ ಇದನ್ನು ತೆರೆಯಬಹುದು" ಎಂಬ ಅರ್ಥದ ಸೂಚನೆ ತೋರಿಸುತ್ತವೆ. ನಾವು ಓದದೆ 'ಮುಂದೆ' ಒತ್ತುತ್ತೇವೆ, ಅಲ್ವಾ?

ನಿಮ್ಮದು ಯಾವ ಜಾತಿ ಅಂತ ತಿಳಿಯಲು ಸುಲಭದ ಪರೀಕ್ಷೆ ಇದೆ. ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು ಲಾಗಿನ್ ಆಗಿ. ಫೋನ್‌ನಲ್ಲಿ ಮುಖವೂ ಬೆರಳೂ ಎರಡೂ ಸೇರಿಸಿದ್ದರೂ ಆ್ಯಪ್ ಬೆರಳನ್ನಷ್ಟೇ ಕೇಳಿದರೆ, ನಿಮ್ಮ ಫೇಸ್ ಲಾಕ್ ದುರ್ಬಲ ಅಂತ ಹೆಚ್ಚುಕಮ್ಮಿ ಖಚಿತ. ಆಂಡ್ರಾಯ್ಡ್ ರೂಪಿಸುವ ಗೂಗಲ್ ಈ ಬೆರಳು, ಮುಖದ ಲಾಕ್‌ಗಳನ್ನು ಮೂರು ದರ್ಜೆ ಮಾಡಿದೆ. ನಕಲಿ ಬೆರಳು, ನಕಲಿ ಮುಖ ತೋರಿಸಿ ಪರೀಕ್ಷೆ ಮಾಡಿದಾಗ ನೂರಕ್ಕೆ 7ಕ್ಕಿಂತ ಜಾಸ್ತಿ ಸಲ ಮೋಸ ಹೋಗದಿದ್ದರೆ ಮೇಲಿನ ದರ್ಜೆ. 20 ದಾಟಿದರೆ ಕಡೆಯ ದರ್ಜೆ. ಕಡೆಯದ್ದು ಸ್ಕ್ರೀನ್ ತೆರೆಯುವುದಕ್ಕಷ್ಟೇ, ಆ್ಯಪ್‌ಗಳು ಅದನ್ನು ಮುಟ್ಟುವಂತಿಲ್ಲ. ಗೂಗಲ್‌ನ ಪಿಕ್ಸೆಲ್ 8ರಲ್ಲಿ, ಅಂದರೆ 2023ರಿಂದ, ಬರೀ ಕ್ಯಾಮೆರಾ ಇದ್ದರೂ ಮುಖ ಮೇಲಿನ ದರ್ಜೆಗೆ ಏರಿದೆ. ಆದರೆ ನಮ್ಮ ಓಣಿಗಳಲ್ಲಿ ಪಿಕ್ಸೆಲ್ ಎಷ್ಟಿವೆ ಬಿಡಿ.

2. ಮೊದಲು ಪಿನ್, ಆಮೇಲೆ ಉಳಿದದ್ದು

ಬೆರಳು, ಮುಖ ಎರಡೂ ಪಿನ್ ಮೇಲೆ ಕೂತಿವೆ. ಪಿನ್ ಗೊತ್ತಿದ್ದವರು ಸೆಟ್ಟಿಂಗ್ಸ್‌ಗೆ ಹೋಗಿ ತಮ್ಮ ಬೆರಳನ್ನೇ ಸೇರಿಸಬಹುದು. ಹಾಗಾಗಿ 1234 ಪಿನ್ ಇಟ್ಟು ಬೆರಳಿನ ಲಾಕ್ ಹಾಕಿದರೆ ಸುಮ್ನೆ ತೋರಿಕೆ ಅಷ್ಟೇ.

ನಾಲ್ಕು ಅಂಕಿಯ ಪಿನ್‌ನಲ್ಲಿ 10,000 ಜೋಡಣೆ, ಆರು ಅಂಕಿಯಲ್ಲಿ 10 ಲಕ್ಷ. ಆರೇ ಇಡಿ. ಹುಟ್ಟಿದ ತಾರೀಖು ಬೇಡ, ಬೈಕ್ ನಂಬರ್ ಬೇಡ, ಯುಪಿಐ ಪಿನ್ ಅಂತೂ ಬೇಡವೇ ಬೇಡ. ಪ್ಯಾಟರ್ನ್ ಇಷ್ಟಪಡುವವರು ಒಂದು ಕೆಲಸ ಮಾಡಿ: ಮಿರ್ಚಿ ಭಜಿ ತಿಂದ ಕೈಯಲ್ಲಿ ಲಾಕ್ ತೆಗೆದು, ಸ್ಕ್ರೀನ್ ಆರಿಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನಿಮ್ಮ ಗೆರೆ ಹಾಗೇ ಕಾಣುತ್ತದೆ.

ದಿನಾ ಬೆರಳಿನಿಂದಲೇ ತೆಗೆಯುವವರಿಗೆ ಪಿನ್ ಮರೆತೇಹೋಗುತ್ತದೆ. ಅದಕ್ಕೇ ಫೋನ್ ಆಗಾಗ ಪಿನ್ ಕೇಳುವುದು. ಬೆರಳಿಗೆ ಹೆಚ್ಚೆಂದರೆ 72 ಗಂಟೆಗೊಮ್ಮೆ ಕೇಳುತ್ತದೆ. ದುರ್ಬಲ ದರ್ಜೆಯ ಮುಖಕ್ಕೆ ಆಂಡ್ರಾಯ್ಡ್‌ನ ನಿಯಮ ಇನ್ನೂ ಬಿಗಿ. 24 ಗಂಟೆಗೊಮ್ಮೆ ಕೇಳುತ್ತದೆ, ನಾಲ್ಕು ಗಂಟೆ ಫೋನ್ ಮುಟ್ಟದಿದ್ದರೂ ಕೇಳುತ್ತದೆ. "ದಿನಾ ಬೆಳಿಗ್ಗೆ ಎದ್ದಾಗ ನನ್ನ ಮುಖ ಗುರುತೇ ಹಿಡಿಯಲ್ಲ" ಅಂತ ಗೊಣಗುವವರು ಇದ್ದಾರೆ. ನಿದ್ದೆಗಣ್ಣಿನ ತಪ್ಪಲ್ಲ ಅದು, ರಾತ್ರಿ ನಾಲ್ಕು ಗಂಟೆ ದಾಟಿತು ಅಷ್ಟೇ.

ಫೋನ್ ಆಫ್ ಮಾಡಿ ಆನ್ ಮಾಡಿದಾಗಲೂ ಪಿನ್ನೇ ಬೇಕು. ಒಳಗಿನ ಮಾಹಿತಿಯೆಲ್ಲ ಗೂಢಲಿಪಿಯಲ್ಲಿರುತ್ತದೆ, ಅದನ್ನು ಬಿಡಿಸುವ ಕೀಲಿ ಪಿನ್ ಹಾಕಿದ ಮೇಲೆ ಸಿಗುತ್ತದೆ. ಪಿನ್ ಪೂರ್ತಿ ಮರೆತರೆ ಸಾಮಾನ್ಯವಾಗಿ ಫೋನ್ ಅಳಿಸಿ ಹೊಸದಾಗಿ ಶುರು ಮಾಡುವುದೇ ಗತಿ, ಬ್ಯಾಕಪ್ ಇಲ್ಲದ ಫೋಟೋಗಳೂ ಹೋದವು. ವಯಸ್ಸಾದವರ ಪಿನ್ನನ್ನು ಒಂದು ಚೀಟಿಯಲ್ಲಿ ಬರೆದು ತಿಜೋರಿಯಲ್ಲಿಡಿ. ಫೋನ್ ಕವರ್ ಹಿಂದೆ ಮಾತ್ರ ಇಡಬೇಡಿ.

3. ಬೆರಳು ಸೇರಿಸುವುದು

ಇದನ್ನು ಅವಸರದಲ್ಲಿ ಮಾಡಬೇಡಿ. ಹತ್ತು ನಿಮಿಷ ಇಟ್ಟುಕೊಳ್ಳಿ.

ಮೊದಲು ಬೆರಳು ಆರಿಸಿ. ಕಿಟಕಿ ಹತ್ತಿರ ನಿಂತು ಹತ್ತೂ ಬೆರಳಿನ ತುದಿ ನೋಡಿಕೊಳ್ಳಿ. ಯಾವುದರಲ್ಲಿ ಗೆರೆ ಸ್ಪಷ್ಟವಾಗಿ ಕಾಣುತ್ತದೆ? ಬಲಗೈ ರೂಢಿ ಇರುವವರಿಗೆ ಸಾಮಾನ್ಯವಾಗಿ ಎಡಗೈಯ ಮಧ್ಯದ ಬೆರಳು, ಉಂಗುರ ಬೆರಳು ಕಡಿಮೆ ಸವೆದಿರುತ್ತವೆ. ಎಡಗೈಯ ಮಧ್ಯದ ಬೆರಳಿಗೆ ಇನ್ನೊಂದು ಅನುಕೂಲ ಇದೆ. ಫೋನನ್ನು ಎಡಗೈಯಲ್ಲಿ ಹಿಡಿದಾಗ ಬಲ ಅಂಚಿನ ಪವರ್ ಬಟನ್ ಮೇಲೆ ತಾನಾಗಿ ಹೋಗಿ ಕೂರುವುದು ಅದೇ. ಬಲಗೈಯಲ್ಲಿ ಸಲಿಕೆ ಇರಲಿ, ಲಟ್ಟಣಿಗೆ ಇರಲಿ, ಎಡಗೈಯಿಂದ ಫೋನ್ ತೆರೆಯಬಹುದು. ಕೊಯ್ದುಕೊಂಡ ಗಾಯ, ಬಿರುಕು, ಜಡ್ಡು ಇರುವ ಬೆರಳು ಬೇಡ.

ಎರಡನೆಯದು, ಹೊತ್ತು ಆರಿಸಿ. ಮೊದಲ ಸಲ ಸೇರಿಸುವಾಗ ಮಗ್ಗದಿಂದ ಎದ್ದ ತಕ್ಷಣ ಬೇಡ, ಸಿಮೆಂಟ್ ಕೆಲಸದಿಂದ ಬಂದ ಸಂಜೆಯೂ ಬೇಡ. ಸಿಮೆಂಟು, ಸುಣ್ಣ ಚರ್ಮದ ಪಸೆಯನ್ನೇ ಹೀರಿಬಿಡುತ್ತವೆ. ರೊಟ್ಟಿ ಬಡಿದು ಮುಗಿಸಿದ ಕೈ ನೋಡಿ: ತೊಳೆದರೂ ಗೆರೆಗಳ ಸಂದಿಯಲ್ಲಿ ಜೋಳದ ಹಿಟ್ಟು ಬೆಳ್ಳಗೆ ಕೂತಿರುತ್ತದೆ, ಉಗುರಿನ ಬುಡದಲ್ಲೂ ಇರುತ್ತದೆ. ಸೆನ್ಸರ್‌ಗೆ ಹಳ್ಳಗಳೇ ಮುಚ್ಚಿಹೋದಂತೆ. ಸಾಬೂನು ಹಚ್ಚಿ ಬೆಚ್ಚಗಿನ ನೀರಲ್ಲಿ ತೊಳೆದು, ಪೂರ್ತಿ ಒರೆಸಿಕೊಳ್ಳಿ. ಅರ್ಧ ಗಂಟೆ ಬಿಡಿ. ಬೆರಳು ತೀರ ಒಣಗಿದ್ದರೆ ಒಂದು ಹನಿ ಕೊಬ್ಬರಿ ಎಣ್ಣೆ ತಿಕ್ಕಿ, ಬಟ್ಟೆಯಿಂದ ಒರೆಸಿ ತೆಗೆಯಿರಿ. ಮೇಲೆ ಜಿಡ್ಡು ಉಳಿಯಬಾರದು, ಒಳಗೆ ಪಸೆ ಇರಬೇಕು. ಸ್ನಾನ ಆದ ತಕ್ಷಣವೂ ಬೇಡ, ನೀರಲ್ಲಿ ನೆನೆದ ಬೆರಳು ಸುಕ್ಕುಗಟ್ಟಿ ಗೆರೆಯ ರೂಪವೇ ಬದಲಾಗಿರುತ್ತದೆ.

ಮೂರನೆಯದು, ಸೆನ್ಸರ್ ಒರೆಸಿ. ಪಕ್ಕದ ಬಟನ್ನಿನ ಅಂಚಿನಲ್ಲಿ ಕೂತ ಧೂಳನ್ನು ಒಣ ಬಟ್ಟೆಯಿಂದ ತೆಗೆಯಿರಿ. ಸ್ಕ್ರೀನ್ ಒಳಗಿನ ಸೆನ್ಸರ್ ಆಗಿದ್ದರೆ ಟೆಂಪರ್ಡ್ ಗ್ಲಾಸ್ ಹಾಕಿಸಿದ ಮೇಲೆಯೇ ಬೆರಳು ಸೇರಿಸಿ. ಮೊದಲೇ ಸೇರಿಸಿದ್ದರೆ ಅಳಿಸಿ ಮತ್ತೆ ಸೇರಿಸಿ. ಗ್ಲಾಸ್ ಅಗ್ಗದ್ದಾಗಿ ನಡುವೆ ಗಾಳಿ ಉಳಿದರೆ ಅಲ್ಟ್ರಾಸೋನಿಕ್ ಸೆನ್ಸರ್ ಕೈಕೊಡುತ್ತದೆ. ಗ್ಲಾಸ್ ವಿಷಯದಲ್ಲಿ ಇನ್ನೊಂದು ಹಳೇ ಪಾಠವೂ ಇದೆ. 2019ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್10 ಫೋನ್‌ಗಳ ಮೇಲೆ ಸ್ಕ್ರೀನ್ ಮುಚ್ಚುವ ಕೆಲವು ಸಿಲಿಕೋನ್ ಕವರ್ ಹಾಕಿದಾಗ ಸೆನ್ಸರ್ ಕವರಿನ ಮಚ್ಚೆಗಳನ್ನೇ ಬೆರಳು ಅಂದುಕೊಂಡು ಯಾರ ಬೆರಳಿಗೂ ತೆರೆಯುತ್ತಿತ್ತು. ಕಂಪನಿ ಸಾಫ್ಟ್‌ವೇರ್ ತಿದ್ದಬೇಕಾಯಿತು. ಹಾಗಾಗಿ ಹೊಸ ಗ್ಲಾಸ್, ಹೊಸ ಕವರ್ ಹಾಕಿಸಿದಾಗೆಲ್ಲ ಮನೆಯವರ ಬೆರಳು ಒಮ್ಮೆ ಇಟ್ಟು ನೋಡಿ. ತೆರೆಯಬಾರದು.

ಈಗ ಸೆಟ್ಟಿಂಗ್ಸ್ ತೆರೆದು, 'ಭದ್ರತೆ' ಅಥವಾ 'ಪಾಸ್‌ವರ್ಡ್ ಮತ್ತು ಭದ್ರತೆ' ಎಂಬಲ್ಲಿಗೆ ಹೋಗಿ 'ಫಿಂಗರ್‌ಪ್ರಿಂಟ್' ಒತ್ತಿ. ಕಂಪನಿಗೊಂದು ಹೆಸರು, ಮೇಲಿನ ಹುಡುಕು ಪಟ್ಟಿಯಲ್ಲಿ 'ಫಿಂಗರ್' ಅಂತ ಬರೆದರೂ ಸಿಗುತ್ತದೆ. ಪಿನ್ ಹಾಕಿ ಒಳಗೆ ಹೋದ ಮೇಲೆ ಫೋನ್ ಹೇಳಿದಂತೆ ಬೆರಳು ಇಟ್ಟು, ಎತ್ತಿ, ಇಡಿ. ಇಲ್ಲೇ ಬಹಳ ಜನ ಎಡವುವುದು. ಮೇಜಿನ ಮೇಲೆ ಫೋನ್ ಇಟ್ಟುಕೊಂಡು ಬೆರಳಿನ ನಡುಭಾಗವನ್ನೇ ಹತ್ತು ಸಲ ಒತ್ತುತ್ತಾರೆ. ಆಮೇಲೆ ಬಳಸುವಾಗ ಫೋನ್ ಕೈಯಲ್ಲಿರುತ್ತದೆ, ಬೆರಳು ಓರೆಯಾಗಿ ಬೀಳುತ್ತದೆ, ಫೋನ್‌ಗೆ ಆ ಭಾಗ ಗೊತ್ತೇ ಇಲ್ಲ. ದಿನಾ ಹೇಗೆ ಹಿಡಿಯುತ್ತೀರೋ ಹಾಗೇ ಹಿಡಿದು ಸೇರಿಸಿ. ನಡುಭಾಗ, ತುದಿ, ಎಡ ಅಂಚು, ಬಲ ಅಂಚು, ಸ್ವಲ್ಪ ತಿರುಗಿಸಿ ಒಮ್ಮೆ. ಗಟ್ಟಿಯಾಗಿ ಅದುಮಬೇಡಿ, ಗೆರೆಗಳು ಚಪ್ಪಟೆಯಾಗುತ್ತವೆ.

ಬಹುತೇಕ ಫೋನ್‌ಗಳಲ್ಲಿ ನಾಲ್ಕೈದು ಬೆರಳಿಗೆ ಜಾಗ ಇರುತ್ತದೆ. ಒಂದೇ ಬೆರಳನ್ನು ಎರಡು ಸಲ ಸೇರಿಸುವ ಉಪಾಯ ಸವೆದ ಕೈಗೆ ಬಹಳ ಉಪಯೋಗ. ಒಮ್ಮೆ ಬೆಳಿಗ್ಗೆ, ತೊಳೆದ ಕೈಯಲ್ಲಿ. ಇನ್ನೊಮ್ಮೆ ಸಂಜೆ, ಕೆಲಸ ಮುಗಿಸಿದ ಒಣಗೈಯಲ್ಲಿ. ಕೆಲವು ಫೋನ್ "ಈ ಬೆರಳು ಈಗಾಗಲೇ ಇದೆ" ಅನ್ನುತ್ತವೆ. ಆಗ ಅಂಚಿನಿಂದ ಶುರು ಮಾಡಿ ನೋಡಿ, ಒಪ್ಪದಿದ್ದರೆ ಪಕ್ಕದ ಬೆರಳು ಕೊಡಿ. ಎರಡು ಕೈಯಿಂದಲೂ ಒಂದೊಂದು ಬೆರಳು ಇರಲಿ. ಒಂದಕ್ಕೆ ಬ್ಯಾಂಡೇಜ್ ಬಿದ್ದ ದಿನ ಇನ್ನೊಂದು ನೆರವಾಗುತ್ತದೆ.

ಡಿಸೆಂಬರ್-ಜನವರಿಯಲ್ಲಿ ಕೈ ಒಡೆದಾಗ, ಕಬ್ಬಿನ ಹಂಗಾಮಿನಲ್ಲಿ ರವದಿ (ಕಬ್ಬಿನ ಒಣ ಗರಿ) ಕೊಯ್ದು ಬೆರಳೆಲ್ಲ ಗೀರಾದಾಗ ಮತ್ತೆ ಹತ್ತದೆ ಹೋಗಬಹುದು. ಹಳೆಯದನ್ನು ಅಳಿಸಿ ಹೊಸದಾಗಿ ಸೇರಿಸಿ. ಇಷ್ಟು ಮಾಡಿಯೂ ಆಗದ ಕೈಗಳು ಇವೆ, ಕಲ್ಲು ಒಡೆಯುವವರಲ್ಲಿ ವಿಶೇಷವಾಗಿ. ಅವರು ಬೇಜಾರು ಮಾಡಿಕೊಳ್ಳದೆ ಆರಂಕಿಯ ಪಿನ್ ಬಳಸಲಿ. ದುರ್ಬಲ ಫೇಸ್ ಲಾಕ್‌ಗಿಂತ ಅದು ಎಷ್ಟೋ ಮೇಲು.

ರೇಷನ್ ಅಂಗಡಿಯ ಥಂಬ್‌ಗೂ ಫೋನಿನ ಬೆರಳಿಗೂ ಸಂಬಂಧ ಇಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಬಹಳ ಜನ ಕೇಳುತ್ತಾರೆ. ಅಂಗಡಿಯಲ್ಲಿ ಬೆರಳಿಟ್ಟಾಗ ಅದು ಆಧಾರ್‌ನ ದಾಖಲೆಯ ಜೊತೆ ತಾಳೆಯಾಗಬೇಕು. ಫೋನ್‌ನಲ್ಲಿ ಇಟ್ಟಾಗ ಅದರ ಗಣಿತದ ಗುರುತು ಫೋನಿನೊಳಗಿನ ಪ್ರತ್ಯೇಕ ಭದ್ರ ಜಾಗದಲ್ಲಿ ಉಳಿಯುತ್ತದೆ. ಆಧಾರ್‌ಗೂ ಹೋಗುವುದಿಲ್ಲ, ಗೂಗಲ್‌ಗೂ ಹೋಗುವುದಿಲ್ಲ. ಅಲ್ಲಿ ಹತ್ತದ ಬೆರಳು ಇಲ್ಲಿ ಹತ್ತಬಹುದು. ಮುಖಕ್ಕೂ ಇದೇ ಮಾತು.

4. ಮುಖ ಹಾಕಲೇಬೇಕು ಅಂದರೆ

ಐಫೋನ್‌ನವರು ನಿಶ್ಚಿಂತೆಯಿಂದ ಹಾಕಿ. 'ಗಮನ' ಕೇಳುವ ಆಯ್ಕೆ ಆನ್ ಇರಲಿ, ಕಣ್ಣು ತೆರೆದು ಫೋನ್ ಕಡೆ ನೋಡಿದರೆ ಮಾತ್ರ ತೆರೆಯುತ್ತದೆ. ಐಫೋನ್ 12 ಮತ್ತು ಆಮೇಲಿನವುಗಳಲ್ಲಿ 2022ರಿಂದ ಮಾಸ್ಕ್ ಹಾಕಿಕೊಂಡೂ ತೆರೆಯುವ ಆಯ್ಕೆ ಇದೆ. ಧೂಳಿಗೆ ಮುಖ ಕಟ್ಟಿಕೊಂಡು ಬೈಕ್ ಓಡಿಸುವವರಿಗೆ ಅನುಕೂಲ.

ಆಂಡ್ರಾಯ್ಡ್‌ನವರು ಬೆರಳಿನ ಜೊತೆಗೆ ಹೆಚ್ಚುವರಿಯಾಗಿ ಮುಖ ಹಾಕಿದರೆ ಒಟ್ಟು ಭದ್ರತೆ ಏರುವುದಿಲ್ಲ, ಇಳಿಯುತ್ತದೆ. ಕಳ್ಳನಿಗೆ ಎರಡೂ ಬೇಕಿಲ್ಲ, ಯಾವುದು ಸುಲಭವೋ ಅದು ಸಾಕು. ಆದರೂ ಬೇಕು ಅನ್ನುವವರು 'ಕಣ್ಣು ತೆರೆದಿರಬೇಕು' ಎಂಬ ಆಯ್ಕೆ ಆನ್ ಮಾಡಿ. ಇಲ್ಲದಿದ್ದರೆ ಮಧ್ಯಾಹ್ನ ಊಟ ಮಾಡಿ ಮಲಗಿದ ಅಪ್ಪನ ಮುಖದ ಮುಂದೆ ಫೋನ್ ಹಿಡಿದು ಮಕ್ಕಳು ಗೇಮ್ ಶುರು ಮಾಡುತ್ತಾರೆ. ಸೇರಿಸಿದ ಮೇಲೆ ನಿಮ್ಮದೇ ಫೋಟೋವನ್ನು ಇನ್ನೊಂದು ಫೋನ್‌ನಲ್ಲಿ ದೊಡ್ಡದಾಗಿ ತೋರಿಸಿ ನೋಡಿ. ಅಣ್ಣ-ತಮ್ಮಂದಿರ ಮುಖವನ್ನೂ ತೋರಿಸಿ. ತೆರೆದರೆ ಆಗಲೇ ಅಳಿಸಿ.

ರಾತ್ರಿ ಕರೆಂಟ್ ಹೋದಾಗ ಸೆಲ್ಫಿ ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ಸ್ಕ್ರೀನ್ ಬೆಳ್ಳಗೆ ಹೊಳೆದು ಕಣ್ಣು ಕೋರೈಸುತ್ತದೆ. ಬೆನ್ನ ಹಿಂದೆ ಬಿಸಿಲಿದ್ದರೂ ಅಷ್ಟೇ. ರುಮಾಲು, ತಲೆ ಮೇಲಿನ ಸೆರಗು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ, ಹುಬ್ಬು ಮುಚ್ಚದಿದ್ದರೆ ಸರಿ.

5. ಹಣದ ಆ್ಯಪ್, ಮನೆಯವರ ಬೆರಳು

ಮೊದಲೆಲ್ಲ ಬೆರಳು ಫೋನ್ ತೆರೆಯುತ್ತಿತ್ತು, ಹಣ ಕಳಿಸಲು ಯುಪಿಐ ಪಿನ್ ಬೇಕಿತ್ತು. 2025ರ ಅಕ್ಟೋಬರ್‌ನಲ್ಲಿ, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ, ಪಿನ್ ಬದಲು ಫೋನಿನ ಬೆರಳು ಅಥವಾ ಮುಖದಿಂದಲೇ ಮಿತಿಯೊಳಗಿನ ಮೊತ್ತ ಕಳಿಸುವ ಸೌಲಭ್ಯ ತಂದಿತು. ಬೇಕಾದವರು ಮಾತ್ರ ಆನ್ ಮಾಡಿಕೊಳ್ಳಬಹುದು. ಸಂತೆಯಲ್ಲಿ ಎರಡು ಕೈಯಲ್ಲೂ ಚೀಲ ಇರುವಾಗ ಅನುಕೂಲವೇ. ಆದರೆ ಅದನ್ನು ಆನ್ ಮಾಡುವ ಮೊದಲು ಫಿಂಗರ್‌ಪ್ರಿಂಟ್ ಪಟ್ಟಿ ತೆರೆದು ನೋಡಿ. ಯಾರ ಯಾರ ಬೆರಳಿವೆ?

ಫೋನ್‌ಗೆ ನಿಮ್ಮ ಬೆರಳು, ಮಗನ ಬೆರಳು ಅಂತ ಭೇದ ಇಲ್ಲ. ಪಟ್ಟಿಯಲ್ಲಿರುವ ಪ್ರತಿ ಬೆರಳಿಗೂ ಒಂದೇ ಅಧಿಕಾರ. ಗೇಮ್ ಆಡಲು ಅಂತ ಸೇರಿಸಿದ ಮಗನ ಬೆರಳು ಬ್ಯಾಂಕಿನ ಆ್ಯಪ್ ಕೂಡ ತೆರೆಯಬಹುದು. ಪಟ್ಟಿಯಲ್ಲಿ 'ಫಿಂಗರ್ 1', 'ಫಿಂಗರ್ 2' ಅಂತಷ್ಟೇ ಇದ್ದರೆ ಯಾರದ್ದು ಯಾವುದು ತಿಳಿಯುವುದಿಲ್ಲ. ಎಲ್ಲ ಅಳಿಸಿ, ನಿಮ್ಮದನ್ನು ಮಾತ್ರ ಸೇರಿಸಿ 'ಎಡ ಮಧ್ಯ', 'ಬಲ ಉಂಗುರ' ಅಂತ ಹೆಸರಿಡಿ. ಹೊಸ ಬೆರಳು ಸೇರಿದ ಮೇಲೆ ಬ್ಯಾಂಕಿನ ಆ್ಯಪ್ ಮತ್ತೆ ಪಾಸ್‌ವರ್ಡ್ ಕೇಳಿದರೆ ಗಾಬರಿ ಬೇಡ, ಅದು ಬೇಕೆಂದೇ ಮಾಡಿದ ಎಚ್ಚರಿಕೆ. ನೀವು ಏನೂ ಸೇರಿಸದೆ ಹಾಗೆ ಕೇಳಿದರೆ ಮಾತ್ರ ಪಟ್ಟಿ ಒಮ್ಮೆ ನೋಡಿ.

ಮನೆಯವರಿಗೆ ನಿಮ್ಮ ಫೋನ್ ಬೇಕಾಗುವುದು ಸಹಜ. ಹಾಗಿದ್ದರೆ ಬ್ಯಾಂಕ್, ಯುಪಿಐ ಆ್ಯಪ್‌ಗಳಿಗೆ 'ಆ್ಯಪ್ ಲಾಕ್'ನಲ್ಲಿ ಬೇರೆ ಪಿನ್ ಹಾಕಿ. ಬಹಳಷ್ಟು ಕಂಪನಿಗಳ ಫೋನ್‌ನಲ್ಲಿ ಈ ಸೌಲಭ್ಯ ಇದೆ.

6. ಕ್ಷಣದಲ್ಲಿ ಎರಡನ್ನೂ ನಿಲ್ಲಿಸುವುದು

ಯಾರಾದರೂ ಬಲವಂತವಾಗಿ ಬೆರಳು ಇಡಿಸಬಹುದು, ಮುಖದ ಮುಂದೆ ಫೋನ್ ಹಿಡಿಯಬಹುದು. ಪಿನ್ನನ್ನು ಹಾಗೆ ಕಸಿಯಲಾಗುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಪವರ್ ಮೆನುವಿನ 'ಲಾಕ್‌ಡೌನ್' ಒತ್ತಿದರೆ ಬೆರಳು, ಮುಖ ಎರಡೂ ನಿಂತು ಪಿನ್ ಒಂದೇ ನಡೆಯುತ್ತದೆ. ಕೆಲವು ಫೋನ್‌ಗಳಲ್ಲಿ ಈ ಆಯ್ಕೆಯನ್ನು ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಡಬೇಕು. ಫೇಸ್ ಐಡಿ ಇರುವ ಐಫೋನ್‌ನಲ್ಲಿ ಪಕ್ಕದ ಬಟನ್ ಮತ್ತು ಒಂದು ವಾಲ್ಯೂಮ್ ಬಟನ್ ಎರಡು ಸೆಕೆಂಡ್ ಒಟ್ಟಿಗೆ ಒತ್ತಿ ಹಿಡಿಯಿರಿ. ಏನೂ ನೆನಪಾಗದಿದ್ದರೆ ಸ್ವಿಚ್ ಆಫ್ ಮಾಡಿ.

ಬಸ್ ಸ್ಟ್ಯಾಂಡಿನ ನೂಕುನುಗ್ಗಲಲ್ಲಿ ಫೋನ್ ಹೋದರೆ ಮೊದಲು ಸಿಮ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪೊಲೀಸ್ ದೂರು ಕೊಟ್ಟು, ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನಿನ ಐಎಂಇಐ, ಅಂದರೆ ಅದರ ಗುರುತಿನ ಸಂಖ್ಯೆ, ಹಾಕಿ ಬ್ಲಾಕ್ ಮಾಡಿಸಬಹುದು. ಆ ಸಂಖ್ಯೆ ಬೇಕಾದರೆ ಈಗಲೇ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿ ಬರೆದಿಟ್ಟುಕೊಳ್ಳಿ. ಫೋನ್ ಹೋದ ಮೇಲೆ ನೋಡಲಾಗುವುದಿಲ್ಲವಲ್ಲ.

7. ರಿಪೇರಿಗೆ ಕೊಡುವಾಗ

ಸ್ಕ್ರೀನ್ ಒಡೆದು ಅಂಗಡಿಗೆ ಹೋದರೆ ಮೊದಲ ಪ್ರಶ್ನೆ "ಪ್ಯಾಟರ್ನ್ ಹೇಳ್ರಿ". ಒಂದು ಚೀಟಿಯ ಮೇಲೆ ಒಂಬತ್ತು ಚುಕ್ಕಿ ಇಟ್ಟು ಗೆರೆ ಎಳೆದು, ಫೋನ್ ಹಿಂದೆ ಅಂಟಿಸಿ, ಇನ್ನಿಪ್ಪತ್ತು ಫೋನ್‌ಗಳ ಪಕ್ಕ ಗಾಜಿನ ಕಪಾಟಿನಲ್ಲಿ ಇಡುತ್ತಾರೆ. ಬೆರಳು ಸೇರಿಸಲು ಪಟ್ಟ ಕಷ್ಟವೆಲ್ಲ ಆ ಚೀಟಿಯ ಮುಂದೆ ವ್ಯರ್ಥ. ಬ್ಯಾಟರಿ, ಚಾರ್ಜಿಂಗ್ ಪಿನ್ ಬದಲಿಸಲು ನಿಮ್ಮ ಲಾಕ್ ಬೇಕಾಗಿಲ್ಲ. "ನೀವು ಹಾಕಿ, ನಾನೇ ಇಲ್ಲಿದ್ದು ತೆಗೆದು ತೋರಿಸ್ತೀನಿ" ಅನ್ನಿ. ಬಿಟ್ಟು ಬರಲೇಬೇಕಾದರೆ, ಸ್ಯಾಮ್‌ಸಂಗ್‌ನ ಹಲವು ಫೋನ್‌ಗಳಲ್ಲಿ 'ಮೇಂಟೆನೆನ್ಸ್ ಮೋಡ್', ಪಿಕ್ಸೆಲ್‌ನಲ್ಲಿ 'ರಿಪೇರ್ ಮೋಡ್' ಇದೆ. ಆನ್ ಮಾಡಿದರೆ ಅಂಗಡಿಯವರಿಗೆ ಖಾಲಿ ಫೋನಿನಂತೆ ಕಾಣುತ್ತದೆ, ನಿಮ್ಮ ಫೋಟೋ, ಆ್ಯಪ್ ಯಾವುದೂ ತೆರೆಯುವುದಿಲ್ಲ. ಆ ಸೌಲಭ್ಯ ಇಲ್ಲದ ಫೋನ್ ಆದರೆ ತಾತ್ಕಾಲಿಕವಾಗಿ ಬೇರೆ ಪಿನ್ ಹಾಕಿ, ಯುಪಿಐ ಆ್ಯಪ್‌ಗಳಿಂದ ಲಾಗೌಟ್ ಆಗಿ ಕೊಡಿ. ಮನೆಗೆ ತಂದ ಮೇಲೆ ಪಿನ್ ಬದಲಿಸಿ, ಫಿಂಗರ್‌ಪ್ರಿಂಟ್ ಪಟ್ಟಿಯಲ್ಲಿ ಹೊಸದೇನಾದರೂ ಸೇರಿದೆಯಾ ನೋಡಿ. ಸ್ಕ್ರೀನೇ ಬದಲಾಗಿದ್ದು ಸೆನ್ಸರ್ ಅದರೊಳಗೇ ಇದ್ದರೆ ಬೆರಳುಗಳನ್ನು ಮತ್ತೆ ಸೇರಿಸಬೇಕಾಗಬಹುದು. ಅಂಗಡಿ ಬಿಡುವ ಮೊದಲೇ ಒಮ್ಮೆ ಬೆರಳಿಟ್ಟು ಪರೀಕ್ಷಿಸಿ, ಆಮೇಲೆ ದುಡ್ಡು ಕೊಡಿ.